ಕ್ಯಾಮೆರಾದ ಹಣೆ, ಬಾಗಿಲಿನ ಬಾಯಿ

ಮನೆ ಸಾಮಾನಿಗೆ ಬುದ್ಧಿ ಬಂದ ದಿನದಿಂದ ನನಗೆ ಪುರುಸೊತ್ತು ಎಂಬುದೇ ಇಲ್ಲ. ಫ್ಯಾನಿಗೆ ಬುದ್ಧಿ ಬಂತು, ಬಲ್ಬಿಗೆ ಬಂತು, ಬಾಗಿಲಿಗೂ ಬಂತು. ಬುದ್ಧಿ ಬಂದದ್ದೆಲ್ಲ ಒಂದಲ್ಲ ಒಂದು ದಿನ ಹಟ ಹಿಡಿದು ಕೂರುತ್ತದೆ. ಹಾಗೆ ಕೂತಾಗಲೆಲ್ಲ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಜನ ಫೋನು ಹಚ್ಚುವುದು ನನಗೆ.

ನಮ್ಮ ಯಜಮಾನರದು ಆಳಂದದಲ್ಲಿ ಕರೆಂಟ್ ಸಾಮಾನಿನ ಅಂಗಡಿ. ವೈರು, ಸ್ವಿಚ್ಚು, ಪಂಪಿನ ಸ್ಟಾರ್ಟರು ಅವರ ಪಾಲು. ಫೋನಿನಿಂದ ನಡೆಯುವ ಕ್ಯಾಮೆರಾ, ಲಾಕು, ಬೆಲ್ಲು, ಕಸ ಹೊಡೆಯುವ ಯಂತ್ರ ನನ್ನ ಪಾಲು. ಸ್ಕೂಟಿಯ ಮುಂದೆ ನನ್ನ ನೀಲಿ ಬ್ಯಾಗು ಇಟ್ಟುಕೊಂಡು ಊರೂರು ಸುತ್ತುತ್ತೇನೆ. ಈ ಕೆಲಸ ನನಗೆ ಎಷ್ಟು ಇಷ್ಟವೆಂದರೆ, ಹಬ್ಬದ ದಿನವೂ ಯಾರಾದರೂ ಫೋನ್ ಮಾಡಲಿ ಎಂದು ಆಸೆಪಡುತ್ತೇನೆ.

ನಮ್ಮ ಅತ್ತೆಯವರು ಇದಕ್ಕೆ ಒಪ್ಪಿದ್ದು ಒಂದೇ ಒಂದು ಷರತ್ತಿನ ಮೇಲೆ. "ನೋಡವಾ, ನೀ ಎಲ್ಲಿ ಬೇಕಲ್ಲಿ ಹೋಗು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಯಾರರೇ ಒಬ್ಬರು ನಮ್ಮ ಹೊಸ್ತಲಿಗಿ ಬಂದು, ನಿಮ್ಮ ಸೊಸಿ ಹಿಂಗ ಮಾಡ್ಯಾಳ ಅಂತ ತಕರಾರ ತಗದ್ರ, ಅವತ್ತ ಆ ಬ್ಯಾಗ್ ಅಟ್ಟದ ಮ್ಯಾಲ."

ಅತ್ತೆಯವರ ಅಟ್ಟ ಹತ್ತಿದ್ದು ಕೆಳಗೆ ಇಳಿದ ಇತಿಹಾಸವಿಲ್ಲ. ನಮ್ಮ ಯಜಮಾನರ ಕ್ರಿಕೆಟ್ ಬ್ಯಾಟು ಅಲ್ಲೇ ಇದೆ. ಮಾವನವರ ಇಸ್ಪೀಟ್ ಎಲೆಗಳೂ ಅಲ್ಲೇ ಇವೆ. ಆದ್ದರಿಂದ ಯಾರಾದರೂ ಫೋನಿನಲ್ಲಿ "ನಿಮ್ಮ ಮನೀಗೇ ಬರ್ತೇನಿ" ಎಂದರೆ ಸಾಕು, ನನ್ನ ಜೀವ ಬಾಯಿಗೆ ಬರುತ್ತದೆ.

ಬೇಸಿಗೆಯ ಮಂಜು

ಜೇವರ್ಗಿಯ ಒಬ್ಬ ತೊಗರಿ ವ್ಯಾಪಾರಿಯ ಗೋದಾಮಿಗೆ ಕ್ಯಾಮೆರಾ ಹಾಕಿ ಬಂದಿದ್ದೆ. ಮರುವಾರವೇ ಫೋನು.

"ಅಕ್ಕಾರ, ನಿಮ್ಮ ಕ್ಯಾಮೆರಾದಾಗ ಮಂಜು ಬಿದ್ದದರಿ."

"ಹೊರಗ ಹ್ಯಾಂಗದ್ರಿ ಸಾವ್ಕಾರ್ರ?"

"ಹೊರಗ ಬಿಸಲ ಕೆಂಡ ಆಗ್ಯದ. ಕ್ಯಾಮೆರಾದಾಗಷ್ಟ ಮಂಜು. ತೊಗರಿ ಚೀಲ ಅದಾವೋ, ಕುರಿ ಮಲಗ್ಯಾವೋ ತಿಳಿವಲ್ದು."

ಬಂದ್ ಮಾಡಿ ಚಾಲೂ ಮಾಡಿರಿ ಎಂದೆ, ಮಾಡಿದರು. ವೈಫೈ ಪೆಟ್ಟಿಗೆಯ ವೈರು ಕಿತ್ತು ಮತ್ತೆ ಹಾಕಿರಿ ಎಂದೆ, ಹಾಕಿದರು. ಮಂಜು ಕರಗಲಿಲ್ಲ. "ಇವತ್ತ ಸರಿ ಆಗಲಿಲ್ಲಂದ್ರ ನಾ ಸೀದಾ ನಿಮ್ಮ ಮನೀಗಿ ಬಂದು ಹಿರ್ಯಾರ ಸಂಗಟ ಮಾತಾಡ್ತೇನಿ" ಎಂದರು. ಊಟ ಬಿಟ್ಟು ಸ್ಕೂಟಿ ಹತ್ತಿದೆ.

ಗೋದಾಮಿನ ಬಾಗಿಲಿಗೆ ಏಣಿ ಹಚ್ಚಿ ಮೇಲೆ ಹೋಗಿ ನೋಡಿದರೆ, ಕ್ಯಾಮೆರಾದ ಗಾಜಿನ ಮೇಲೆ ಈ ತುದಿಯಿಂದ ಆ ತುದಿಗೆ ಮೂರು ಬೆರಳಿನ ವಿಭೂತಿ. ನಟ್ಟನಡುವೆ ದುಂಡನೆಯ ಕುಂಕುಮ. ಮೇಲೊಂದು ಚೆಂಡು ಹೂವು.

"ಇದೇನ್ರಿ ಸಾವ್ಕಾರ್ರ?"

"ನಿನ್ನಿ ಸೋಮವಾರ ಇತ್ತಲ್ರಿ. ತಕ್ಕಡೀಗಿ ಹಚ್ಚಿದೆ, ಗಲ್ಲಾಕ್ಕ ಹಚ್ಚಿದೆ. ಗೋದಾಮ ಕಾಯೋದು ಇದು. ಇದಕ್ಕ ಹಚ್ಚಲಾರದ ನಾ ಹ್ಯಾಂಗ ಉಣ್ಲಿ?"

"ಖರೇ. ಆದ್ರ ಇದು ಅದರ ಕಣ್ಣರಿ. ಕಣ್ಣ ತುಂಬ ವಿಭೂತಿ ಬಡದ್ರ ಅದಕ್ಕರೇ ಏನ್ ಕಾಣ್ತದ?"

ಸಾಹುಕಾರರ ಮುಖ ಸಣ್ಣದಾಯಿತು. ಎರಡೂ ಕೆನ್ನೆ ಬಡಿದುಕೊಂಡರು. ತಾವೇ ಏಣಿ ಹತ್ತಿ, ಧೋತರದ ಚುಂಗಿನಿಂದ ಗಾಜು ಒರೆಸಿ, "ತಪ್ಪಾಯ್ತಪ್ಪ, ಉರೀತೇನು?" ಎಂದು ಕ್ಯಾಮೆರಾವನ್ನೇ ಕೇಳಿದರು. ನಾನು ಬ್ಯಾಗು ಎತ್ತಿಕೊಂಡು ಹೊರಟಾಗ ಹಿಂದಿನಿಂದ ಕೂಗಿದರು.

"ಅಕ್ಕಾರ, ಒಂದ್ ನಿಮಿಷ ನಿಂದರ್ರಿ. ಇದರ ಹಣಿ ಎಲ್ಲಿ ಅದ, ಅದೊಂದ ತೋರಿಸಿ ಹೋಗ್ರಿ. ಮುಂದಿನ ಸೋಮವಾರ ಗಡಬಡ ಆಗಬಾರ್ದು."

ಕ್ಯಾಮೆರಾದ ಜೊತೆ ಬರುವ ಪುಸ್ತಕದಲ್ಲಿ ಅದರ ಎಲ್ಲ ಭಾಗಗಳ ಹೆಸರಿದೆ, ಹಣೆ ಮಾತ್ರ ಇಲ್ಲ. ಗಾಜು ಬಿಟ್ಟು, ಅದಕ್ಕಿಂತ ಮೇಲೆ ಎರಡು ಬೆರಳು ಜಾಗ ಅಳೆದು, ಪೆನ್ನಿನಿಂದ ಗೆರೆ ಹಾಕಿ, ಹಣೆ ಮಾಡಿಕೊಟ್ಟು ಬಂದೆ.

ಹಗಲಿನ ಕತ್ತಲೆ

ಭೀಮಾ ದಂಡೆಯ ಮಣ್ಣೂರಿನಲ್ಲಿ ಒಬ್ಬ ಹಿರಿಯರು ಪಡಸಾಲೆಗೆ ಕ್ಯಾಮೆರಾ ಹಾಕಿಸಿಕೊಂಡಿದ್ದರು. ಹೊಲದ ಬದುವಿನಲ್ಲಿ ಕೂತು ಫೋನಿನಲ್ಲಿ ಮನೆ ನೋಡಬೇಕು ಎಂಬುದು ಅವರ ಆಸೆ. ಅವರ ತಕರಾರು ಬೇರೆ ನಮೂನೆಯದು.

"ತಂಗಿ, ಇದು ನನ್ನ ಸಂಗಟ ಹಗಿ ಸಾಧಿಸಾಕತ್ತದ. ನಾ ಹೊಲಕ್ಕ ಹ್ವಾದ ಕೂಡ್ಲೆ ಕತ್ತಲ. ಸಂಜೀಕ ಮನೀಗಿ ಬಂದ ಕೂಡ್ಲೆ ಬೆಳಕ. ಮನ್ಯಾಗ ಇದ್ದಾಗ ನನಗ್ಯಾಕ ಬೇಕು ಕ್ಯಾಮೆರಾ?"

ಕ್ಯಾಮೆರಾ ಹಗಲು ಕುರುಡಾಗುವುದು ನಾನು ಕೇಳಿರದ ರೋಗ. ಅವರು ಹೊಲದಲ್ಲಿದ್ದ ಹೊತ್ತಿಗೇ ಹೋದೆ. ಪಡಸಾಲೆಯಲ್ಲಿ ಅವರ ಇಬ್ಬರು ಸೊಸೆಯಂದಿರು ಜೋಳ ಹಸನು ಮಾಡುತ್ತಾ ಕೂತಿದ್ದರು. ಗೋಡೆಯ ಮೇಲೆ ಕ್ಯಾಮೆರಾ ಇತ್ತು. ಅದರ ತಲೆಯ ಮೇಲಿಂದ ಗದ್ದದ ತನಕ ಹಸಿರು ಸೀರೆಯ ಒಂದು ತುಂಡು, ಅಂಚು ಕೆಳಗೆ ಬರುವಂತೆ ಒಪ್ಪವಾಗಿ ಹೊದಿಸಿ, ಪಿನ್ನು ಹಾಕಿದ್ದರು.

ನಾನು ಅದರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಿದರು. ಹಿರಿಯ ಸೊಸೆ ಬಾಯಿ ಬಿಟ್ಟಳು.

"ಅಕ್ಕಾರ, ಮಾವನವರು ಅದರಾಗಿಂದ ನೋಡ್ತಾರಲ್ರಿ. ಮಾವನವರ ಮುಂದ ತಲಿ ಮ್ಯಾಲ ಸೆರಗ ಇಲ್ಲದ ಹ್ಯಾಂಗ ತಿರಗಾಡೋದು? ಹಾಲ ಉಕ್ಕಿದ್ರ ಒಲಿ ಕಡೆ ಓಡೋದ ಬಿಟ್ಟು ಮದ್ಲ ಸೆರಗ ಹುಡಕೋದ ಆಗಾಕತ್ತಿತ್ತು."

ಕಿರಿಯವಳು ಜೋಳದಿಂದ ಕಲ್ಲು ಹೆಕ್ಕುತ್ತಲೇ ಸೇರಿಸಿದಳು: "ಅದಕ್ಕ ನಾವಿಬ್ರು ದಿನಪೂರ್ತಿ ಹೊತ್ಕೊಳ್ಳೋಕಿಂತ ಅದೊಂದ ಹೊತ್ಕೊಂಡ್ರ ಸಾಕು ಅಂತ ಮಾಡಿದ್ವಿರಿ."

ನಾನು ನಕ್ಕು ನಕ್ಕು ಜೋಳದ ರಾಶಿಯ ಮೇಲೇ ಕೂತೆ. ಆಮೇಲೆ ಕ್ಯಾಮೆರಾದ ಸೆರಗು ತೆಗೆದು, ಅದನ್ನು ಪಡಸಾಲೆಯಿಂದ ಕಿತ್ತು, ದನದ ಕೊಟ್ಟಿಗೆಯ ಕಡೆ ಮುಖ ಮಾಡಿ ಹಾಕಿದೆ. ಹಿರಿಯರಿಗೆ "ಪಡಸಾಲ್ಯಾಗ ನೆಟ್‌ವರ್ಕ್ ನಿಂದ್ರಂಗಿಲ್ರಿ" ಎಂದೆ. ಕೆಲವು ದಿನದ ಮೇಲೆ ಅವರೇ ಫೋನ್ ಮಾಡಿದರು.

"ಭಾಳ ಛಲೋ ಆಯ್ತು ತಂಗಿ. ಮನ್ಯಾಗ ನೋಡೋದೇನದ, ಎಮ್ಮಿ ನೋಡೋದ ಮಜಾ ಅದ. ಒಂದ ತಿಳಿವಲ್ದು ನೋಡು. ನಾ ಫೋನ್ ತಗದ ಕೂಡ್ಲೆ ಎಮ್ಮಿ ಭೀ ಆ ಕಡೆ ಮಾರಿ ಮಾಡಿ ನಿಂದರ್ತದ. ಅದಕ್ಕ ಯಾರ ಕಲಿಸಿದ್ರು?"

ಮನೆಗೆ ಬಂದ ಮೆಹಮಾನ್

ಅಫಜಲಪುರದ ಒಬ್ಬ ಉರ್ದು ಶಾಲೆಯ ಮೇಷ್ಟ್ರು ನಿವೃತ್ತರಾದ ಮೇಲೆ, ಹೆಂಡತಿಯ ಮೊಣಕಾಲು ನೋವು ನೋಡಲಾರದೆ, ತಾನೇ ತಿರುಗಾಡಿ ಕಸ ಹೊಡೆಯುವ ಯಂತ್ರ ತರಿಸಿದರು. ರೊಟ್ಟಿ ಬೇಯಿಸುವ ತವೆಯಷ್ಟು ಅಗಲ, ಅಷ್ಟೇ ದುಂಡಗೆ. ದಿನವೂ ಬೆಳಿಗ್ಗೆ ತಾನಾಗಿ ಶುರುವಾಗುವಂತೆ ಮಾಡಿಕೊಟ್ಟು ಬಂದೆ.

"ಬೇಟಿ, ಈ ಮಷಿನ್ ಕಾಮ್‌ಚೋರ್ ಅದ" ಎಂದು ಮೇಷ್ಟ್ರ ಫೋನು. "ಮನೀ ತುಂಬ ತಿರಗತದ, ಬರೊಬ್ಬರಿ ತಿರಗತದ. ಆದ್ರ ಡಬ್ಬಿ ತಗದು ನೋಡಿದ್ರ ಖಾಲಿ. ಕಸಾನ ಹಿಡಿಯಂಗಿಲ್ಲ."

ಹೋಗಿ ನೋಡಿದೆ. ಬ್ರಷ್ಷು ಸರಿ, ಚಕ್ರ ಸರಿ. ಒಂದು ಮುಷ್ಟಿ ಚುರಮುರಿ ಚೆಲ್ಲಿ ಬಿಟ್ಟೆ, ಹಸಿದವರಂತೆ ಬಾಚಿಕೊಂಡಿತು. "ಮೇಷ್ಟ್ರೇ, ಮಷಿನ್ ಛಲೋ ಅದ" ಎಂದೆ. "ಚುರಮುರಿ ತಿಂತದ, ಕಸ ತಿನ್ನಂಗಿಲ್ಲ. ಶೋಕಿ ಕಲ್ತದ" ಎಂದರು. ಆಳಂದಕ್ಕೆ ಬಂದು ನಮ್ಮ ಮಾವನವರನ್ನು ಕಾಣುವ ಮಾತೂ ಬಂತು. ನಾನು ಕೈ ಮುಗಿದು, ನಾಳೆ ಅದು ಶುರುವಾಗುವ ಮೊದಲೇ ಬಂದು ಕೂರುತ್ತೇನೆ ಎಂದೆ.

ಮರುದಿನ ಬೇಗನೆ ಹೋದೆ. ಯಂತ್ರ ಮೂಲೆಯಲ್ಲಿ ಇನ್ನೂ ಸುಮ್ಮನೆ ಕೂತಿತ್ತು. ಮೇಷ್ಟ್ರ ಹೆಂಡತಿ ಒಂದು ಕೈ ಮೊಣಕಾಲಿನ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಕಸಬರಿಗೆ ಹಿಡಿದು, ಮಂಚದ ಬುಡದಿಂದ ಹಿಡಿದು ಹೊಸ್ತಿಲ ತನಕ ಇಡೀ ಮನೆ ಗುಡಿಸುತ್ತಿದ್ದರು.

"ಚಾಚೀ, ಇದೇನ ಮಾಡಾಕತ್ತೀರಿ?"

"ಗಡಬಡ ಮಾಡಬ್ಯಾಡ ಬೇಟಿ, ಅದು ಎದ್ದೀತು. ಎಲ್ಲಾ ಖೋಲಿ ತಿರಗತದ ಅದು. ಮಂಚದ ಬುಡಕ ಭೀ ಹೋಗಿ ನೋಡ್ತದ. ಮನೀಗಿ ಬಂದವರ ಮುಂದ ಹೊಲಸ ಇಟ್ರ ಏನ ಅನ್ಕೊಂಡೀತು?"

ಮೇಷ್ಟ್ರು ತಲೆ ಮೇಲೆ ಕೈ ಹೊತ್ತು, "ಅರೇ, ಅದು ಮೆಹಮಾನ್ ಅಲ್ಲ, ನೌಕರ್!" ಎಂದರು.

"ನಮ್ಮ ಮನ್ಯಾಗ ಯಾವಾಗ ನೌಕರ್ ಇದ್ರು, ನನಗ ಗೊತ್ತಿರ್ಲಿಕ್ಕ?" ಎಂದರು ಚಾಚಿ.

ಬಹಳ ತಿಳಿಸಿ ಹೇಳಿದ ಮೇಲೆ ಅವರು ಅರ್ಧಕ್ಕೆ ಒಪ್ಪಿದರು. ಈಗಲೂ ಯಂತ್ರ ಏಳುವ ಮೊದಲು ಗುಡಿಸುತ್ತಾರೆ, ಆದರೆ ಒಂದು ಕೋಣೆ ಮಾತ್ರ ಗುಡಿಸದೆ ಬಿಡುತ್ತಾರೆ. ಯಾಕೆ ಎಂದು ಕೇಳಿದೆ.

"ಬಂದವರಿಗಿ ಉಪವಾಸ ಕಳಸಬಾರ್ದಲ್ಲ ಬೇಟಿ."

ಸೊಲ್ಲಾಪುರದಿಂದ ಮಾತಾಡಿದ ಬಾಗಿಲು

ಇಲ್ಲಿಯ ತನಕ ಎಲ್ಲರೂ "ಬರ್ತೇನಿ" ಎಂದು ಹೆದರಿಸಿದವರೇ, ಬಂದವರು ಯಾರೂ ಇಲ್ಲ. ನಿಜವಾಗಿ ಬಸ್ಸು ಹತ್ತಿದವರು ಭೂಸನೂರಿನ ಒಬ್ಬ ಬೀಗರು.

ಮಾದನಹಿಪ್ಪರಗಾದ ಗೌಡರ ಮನೆಬಾಗಿಲಿಗೆ ನಾನು ಹೊಸ ನಮೂನೆಯ ಬೆಲ್ಲು ಹಾಕಿದ್ದೆ. ಒತ್ತಿದರೆ ಗೌಡರು ಎಲ್ಲಿದ್ದರೂ ಅವರ ಫೋನಿಗೆ ಬಂದವರ ಮುಖ ಕಾಣುತ್ತದೆ. ಅವರು ಅಲ್ಲಿಂದಲೇ ಮಾತಾಡಬಹುದು, ಮಾತು ಬಾಗಿಲಲ್ಲಿ ಕೇಳುತ್ತದೆ. ಒಂದು ದಿನ ಗೌಡರು ಹೆಂಡತಿಯ ಜೊತೆ ಸೊಲ್ಲಾಪುರದಲ್ಲಿ ಸೀರೆ ಆರಿಸುತ್ತಿದ್ದಾಗ, ಮಗಳ ಮಾವನವರು, ಅಂದರೆ ಈ ಬೀಗರು, ಹೊಸ ಬೆಲ್ಲದ ಪೆಂಟೆ ಹಿಡಿದುಕೊಂಡು ಹೇಳದೆ ಕೇಳದೆ ಬಂದು ಬೆಲ್ಲು ಒತ್ತಿದರು.

"ಬರ್ರಿ ಬೀಗರ, ಬರ್ರಿ! ಆರಾಮದೀರಿ?" ಎಂದಿತು ಬಾಗಿಲು.

ಬೀಗರು ಚಪ್ಪಲಿ ಬಿಟ್ಟು, ಟೊಪ್ಪಿಗೆ ಸರಿ ಮಾಡಿಕೊಂಡು ನಿಂತರು. ಬಾಗಿಲು ತೆರೆಯಲಿಲ್ಲ.

"ನಾ ಮನ್ಯಾಗಿಲ್ರಿ ಬೀಗರ. ಸೊಲ್ಲಾಪುರದಾಗ ಅದೀನಿ."

ಬೀಗರು ಬಗ್ಗಿ ಬಾಗಿಲ ಸಂದಿಯಲ್ಲಿ ಇಣುಕಿದರು. "ಬಾಗಲದ ಹಿಂದ ನಿಂತು ಸೊಲ್ಲಾಪುರ ಅಂತೀರಲ್ಲ ಗೌಡ್ರ?"

"ದೇವರಾಣಿ ಸೊಲ್ಲಾಪುರದಾಗ ಅದೀನ್ರಿ."

"ಹಂಗಾದ್ರ ನನ್ನ ಕೈಯಾಗ ಏನದ ಹೇಳ್ರಿ ನೋಡಮು."

ಗೌಡರು ಪಾಪ, ಪ್ರಾಮಾಣಿಕ ಮನುಷ್ಯರು. "ಬೆಲ್ಲದ ಪೆಂಟಿ ಅದರಿ" ಎಂದುಬಿಟ್ಟರು.

ಅಲ್ಲಿಗೆ ಮುಗಿಯಿತು. ಬೆಲ್ಲ ಕಾಣುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ ಎಂದರೆ ಏನರ್ಥ? ಬೀಗರು ಬೆಲ್ಲ ಸಮೇತ ಸಿಟ್ಟಿನಿಂದ ತಿರುಗಿ ಹೋದರು. ಗೌಡರು ಭೂಸನೂರಿಗೆ ಹೋಗಿ ಸೊಲ್ಲಾಪುರದ ಸೀರೆ ಅಂಗಡಿಯ ಕೈಚೀಲ ತೋರಿಸಿದರು. "ಚೀಲ ಯಾವತ್ತಿಂದರೇ ಇರಬಹುದು" ಎಂದರು ಬೀಗರು. ಗೌಡರು ಕೊನೆಗೆ ಕೈ ಚೆಲ್ಲಿ, "ನನ್ನ ತಪ್ಪಿಲ್ರಿ, ಆಳಂದದ ಒಬ್ಬ ಹೆಣ್ಮಗಳು, ಬಾಯಿಯವ್ರು, ಹಚ್ಚಿದ್ದು ಅದು" ಎಂದು ನಮ್ಮ ಮನೆಯ ವಿಳಾಸ ಹೇಳಿದರು.

"ಆಕಿಗೇ ಕೇಳ್ತೇನಿ" ಎಂದು ಬೀಗರು ಮರುದಿನವೇ ಬಸ್ಸು ಹತ್ತಿದರು. ಸಾಕ್ಷಿಗೆ ಬೆಲ್ಲದ ಪೆಂಟೆಯನ್ನೂ ಜೊತೆಗೆ ತಂದರು.

ನಮ್ಮ ಮನೆಯ ಬಾಗಿಲು

ಅದೇ ದಿನ ಬೆಳಿಗ್ಗೆ ನಮ್ಮ ಯಜಮಾನರಿಗೆ ಹುರುಪು ಬಂದಿತ್ತು. ನೀನೊಬ್ಬಳೇ ಏನು, ನಾನೂ ಹಚ್ಚುತ್ತೇನೆ ಎಂದು ನಮ್ಮ ಮುಂಬಾಗಿಲಿಗೆ ತಾವೇ ಒಂದು ಹೊಸ ಲಾಕು ಕೂರಿಸಿದರು. ಮಾತಿಗೆ ತೆರೆಯುವ ಲಾಕು. ಇಟ್ಟಿರುವ ಪಾಸ್‌ವರ್ಡ್ ಒಳಗಿಂದ ಹೇಳಲಿ, ಹೊರಗಿಂದ ಹೇಳಲಿ, ಮಾತಿನ ನಡುವೆ ಬರಲಿ, ಟಿಕ್ ಎಂದು ತೆರೆಯುತ್ತದೆ. ಎಲ್ಲ ಆದ ಮೇಲೆ ನೋಡಿದರೆ ಒಳಗಡೆ ಕೈಯಿಂದ ತಿರುವುವ ಹಿಡಿಯೇ ಪೆಟ್ಟಿಗೆಯಲ್ಲಿ ಇರಲಿಲ್ಲ.

"ಹಿಡಿ ಅಂಗಡ್ಯಾಗ ಅದ, ತರ್ತೇನಿ" ಎಂದರು. "ಅಲ್ಲೀ ತನಕ ಅಪ್ಪನ ಹೆಸರ ಹೇಳ್ರಿ, ತೆರೀತದ. ಅದನ್ನ ಇಟ್ಟೇನಿ. ಅಪ್ಪನ ಹೆಸರ ಯಾರರೇ ಮರೀತಾರೇನು?"

ಬಾಗಿಲು ಎಳೆದುಕೊಂಡು ಹೋಗಿಯೇ ಬಿಟ್ಟರು. ಮನೆಯಲ್ಲಿ ಉಳಿದವರು ನಾವಿಬ್ಬರೇ, ಅತ್ತೆ ಮತ್ತು ನಾನು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ, ಸೊಸೆ ಮಾವನ ಹೆಸರು ತರುವುದಿಲ್ಲ. ಲೋಕದಲ್ಲಿ ಇರುವ ಹೆಸರುಗಳಲ್ಲಿ ನಮ್ಮ ಯಜಮಾನರು ಹುಡುಕಿ ಹುಡುಕಿ ನಾವಿಬ್ಬರೂ ಹೇಳಲಾರದ ಹೆಸರನ್ನೇ ಇಟ್ಟಿದ್ದರು. ಅಂಥ ಮಗನನ್ನು ಹೆತ್ತ ಅತ್ತೆಯವರನ್ನು ನಾನು ನೋಡಿದೆ. ಅಂಥವನನ್ನು ಕಟ್ಟಿಕೊಂಡ ನನ್ನನ್ನು ಅವರು ನೋಡಿದರು.

ಆಗ ಬಾಗಿಲು ಬಡಿದ ಸದ್ದಾಯಿತು.

"ಮಾದನಹಿಪ್ಪರಗಾದ ಗೌಡ್ರ ಬೀಗ ನಾ! ಮಾತಾಡೋ ಬಾಗಲಾ ಹಚ್ಚೋ ಬಾಯಿ ಇಲ್ಲೇ ಇರ್ತಾಳೇನು?"

ಅತ್ತೆಯವರ ಕಣ್ಣು ನೇರ ಗೋಡೆಯ ಮೊಳೆಗೆ, ಅಲ್ಲಿ ನೇತಾಡುತ್ತಿದ್ದ ನನ್ನ ಬ್ಯಾಗಿಗೆ ಹೋಯಿತು. ನನ್ನ ಕಣ್ಣು ಅಟ್ಟಕ್ಕೆ ಹೋಯಿತು.

"ಅದನ್ನ ಆಮ್ಯಾಲ ನೋಡಮು" ಎಂದರು ಅತ್ತೆ ಹಲ್ಲು ಕಚ್ಚಿ. "ಮದ್ಲ ಬಂದವರಿಗಿ ನೀರ ಕೊಡಬೇಕು. ಬಾಗಲಾ ತೆರಿ."

ನಾನು ಲಾಕಿನ ಮುಂದೆ ನಿಂತು ಮೆಲ್ಲಗೆ, "ಮಾವನವರು" ಎಂದೆ.

"ಪಾಸ್‌ವರ್ಡ್ ತಪ್ಪಾಗಿದೆ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ" ಎಂದಿತು ಲಾಕು.

"ಯಾರದು ಒಳಗ?" ಎಂದರು ಬೀಗರು ಹೊರಗಿನಿಂದ. "ಮತ್ತ ಬಾಗಲಾನ ಮಾತಾಡ್ತೇನು?"

ಅತ್ತೆ ನನ್ನನ್ನು ಬದಿಗೆ ಸರಿಸಿದರು. "ನಮ್ಮ ಮನ್ಯಾವ್ರು" ಎಂದರು. ತಪ್ಪಾಗಿದೆ ಎಂದಿತು. "ಇವನಪ್ಪ" ಎಂದರು. ತಪ್ಪಾಗಿದೆ ಎಂದಿತು. ಅತ್ತೆಗೆ ಸಿಟ್ಟು ಬಂತು. "ಅಷ್ಟ ಬುದ್ಧಿ ಅದ ಅಂತಾರ ನಿನಗ! ಯಾರಿಗಿ ಅನ್ನಾಕತ್ತೇನಿ ಅಂತ ತಿಳಿವಲ್ದೇನು?"

"ಹಿತ್ತಲ ಬಾಗಲದಿಂದ ಕರೀಲೇನ್ರಿ ಅತ್ತಿ?"

"ಮಂದಿ ಬೀಗರನ್ನ ಹಿತ್ತಲದಿಂದ ಕರೀತಾರೇನ್ ಬೇ?"

"ಕಿಟಕ್ಯಾಗಿಂದ ನೀರರೇ ಕೊಡ್ಲಿ?"

"ಇದೇನ ಜೇಲ ಅದ?"

ಹೊರಗಿನವರಿಗೆ ಸಂಗತಿ ಅಷ್ಟಿಷ್ಟು ಕೇಳಿತು. "ಹೆಸರ ಹೇಳಿದ್ರ ತೆರೀತದೇನು? ನಾನ ಹೇಳ್ತೇನಿ ಬಿಡ್ರಿ. ಏನ ಹೆಸರ ಯಜಮಾನ್ರದು?"

ಏನೆಂದು ಹೇಳುವುದು? ಬಾಯಿಂದ ತಾನೆ ಹೇಳಬಾರದು ಎಂದು ನಾನು ಒಂದು ಚೀಟಿಯಲ್ಲಿ ಬರೆದು ಕಿಟಕಿಯಿಂದ ಕೊಟ್ಟೆ. ಬೀಗರು ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು, ತಿರುವಿ ಹಿಡಿದರು. ಅವರ ಓದುವ ಕನ್ನಡಕ, ಚಾಳೀಸು, ಭೂಸನೂರಲ್ಲೇ ಉಳಿದಿತ್ತು.

"ಸಾಕ್ರಿ, ನಾ ಹೊಂಟೆ" ಎಂದು ಅವರು ಬೆನ್ನು ತಿರುಗಿಸಿದರು. "ಈ ಸೀಮ್ಯಾಗ ಎಲ್ಲಾ ಬಾಗಲಾ ಮಾತಾಡ್ತಾವ, ಒಂದರೇ ತೆರೆಯಂಗಿಲ್ಲ!"

ಬಂದವರು ನೀರು ಕುಡಿಯದೆ ಹೊಸ್ತಿಲಿಂದ ತಿರುಗಿ ಹೋಗುವುದು ಅತ್ತೆಯವರ ಜೀವಮಾನದಲ್ಲಿ ಆಗಿರಲಿಲ್ಲ. ಹಿಟ್ಟಿನ ಕೈ ಒರೆಸಿಕೊಂಡರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ನೋಡನೋಡುತ್ತಿದ್ದಂತೆ ಅವರ ಮುಖಕ್ಕೆ ಒಂದು ನಾಚಿಕೆ ಬಂತು, ನಾನು ಅದನ್ನು ಅಲ್ಲಿಯ ತನಕ ಕಂಡಿರಲಿಲ್ಲ. ಗಂಡನ ಹೆಸರು ಹೇಳಲು ನಮ್ಮ ಹೆಂಗಸರಿಗೆ ಇರುವುದು ಒಂದೇ ದಾರಿ, ಒಡಪು. ಮದುವೆಯಲ್ಲಿ ಎಲ್ಲರೂ ಸುತ್ತುಗಟ್ಟಿ ಕಾಡಿದಾಗ, ಪ್ರಾಸದ ನಡುವೆ ಆ ಹೆಸರನ್ನು ಅಡಗಿಸಿ ಹೇಳುತ್ತಾರೆ. ಅತ್ತೆಯವರು ಲಾಕಿನ ಮುಂದೆ ತಲೆ ಬಗ್ಗಿಸಿ, ಗಂಟಲು ಸರಿಮಾಡಿಕೊಂಡು ಹೇಳಿದರು:

"ಭೀಮಿ ದಂಡ್ಯಾಗ ಬೆಳದದ ಬಿಳಿಜೋಳದ ತೆನಿ,
………ನವರು ಇದ್ದಲ್ಲೇ ನನ್ನ ಮನಿ!"

ಚುಕ್ಕಿ ಇಟ್ಟಿದ್ದಕ್ಕೆ ಬೇಸರಿಸಬೇಡಿ. ಬರೆಯಲು ನನಗೆ ಅಡ್ಡಿಯಿಲ್ಲ, ಆದರೆ ಅದು ಇವತ್ತಿಗೂ ನಮ್ಮ ಮನೆಯ ಪಾಸ್‌ವರ್ಡ್.

ಟಿಕ್ ಎಂದಿತು. ಬಾಗಿಲು ತೆರೆಯಿತು. ಹೊಸ್ತಿಲ ಆಚೆ ಬೀಗರು ಬೆಲ್ಲದ ಪೆಂಟೆ ಹಿಡಿದು ನಿಂತಿದ್ದರು. ಅವರ ಹಿಂದೆ, ಸಂತೆಯಿಂದ ಆಗಷ್ಟೇ ಬಂದ ನಮ್ಮ ಮಾವನವರು ಕೊತ್ತಂಬರಿ ಕಟ್ಟನ್ನು ತಲೆಕೆಳಗಾಗಿ ಹಿಡಿದು ನಿಂತಿದ್ದರು. ಲಗ್ನದ ದಿನ ಕೇಳಿದ್ದ ದನಿಯಲ್ಲಿ ತಮ್ಮ ಹೆಸರನ್ನು ಇವತ್ತು ಮತ್ತೆ ಕೇಳಿದ್ದರು. ಅವರ ಕಿವಿ ಕೆಂಪಗಾಗಿತ್ತು.

"ವಾಹ್‌ರೇ ವಾಹ್!" ಎಂದು ಬೀಗರು ಚಪ್ಪಾಳೆ ತಟ್ಟಲು ಹೋಗಿ ಬೆಲ್ಲ ನನ್ನ ಕೈಗೆ ಕೊಟ್ಟರು. ಒಳಗೆ ಬಂದರು, ನೀರು ಕುಡಿದರು, ಬಿಸಿ ರೊಟ್ಟಿಯ ಜೊತೆ ತಮ್ಮದೇ ಬೆಲ್ಲ ತಿಂದರು. ಉಂಡ ಮೇಲೆ ಅತ್ತೆಯವರು ನಿಧಾನಕ್ಕೆ ಕೇಳಿದರು.

"ನಮ್ಮ ಸೊಸೀದೇನೋ ತಕರಾರ ಇತ್ತಲ್ರಿ?"

ನಾನು ಮೊಳೆಯ ಮೇಲಿನ ಬ್ಯಾಗಿನ ಕಡೆ ನೋಡಿದೆ.

"ಅದರಿ, ದೊಡ್ಡ ತಕರಾರ ಅದ" ಎಂದರು ಬೀಗರು. "ಇಂಥಾ ಲಾಕ್ ನಮ್ಮ ಮನೀಗಿ ಇನ್ನಾ ಯಾಕ ಹಚ್ಚಿಲ್ಲ? ನಮ್ಮಾಕಿ ಭೀ ಲಗ್ನದಾಗ ಹೇಳಿದ್ದ ಕಡೀದು. ನನ್ನ ಹೆಸರ ಇಟ್ಟು ಹಚ್ಚಿ ಕೊಡ್ರಿ, ನಾಳೀನ ಬರ್ರಿ."

ಅಷ್ಟರಲ್ಲಿ ನಮ್ಮ ಯಜಮಾನರು ಹಿಡಿ ತಂದರು. "ಸಿಕ್ತು! ಇನ್ನ ಯಾರೂ ಏನೂ ಹೇಳೋದು ಬ್ಯಾಡ. ತಿರುವಿದ್ರ ತೆರೀತದ" ಎಂದು ಬೀಗಿದರು. ಮಾವನವರು ಮಗನ ಕೈಯಿಂದ ಆ ಹಿಡಿಯನ್ನು ತೆಗೆದುಕೊಂಡರು, ಸ್ಟೂಲು ಎಳೆದುಕೊಂಡು ಹತ್ತಿದರು, ಅದನ್ನು ಅಟ್ಟದ ಮೇಲೆ ಆದಷ್ಟು ಹಿಂದಕ್ಕೆ ತಳ್ಳಿ ಇಳಿದರು. ಅತ್ತೆಯವರು ನೋಡಿಯೂ ನೋಡದವರಂತೆ ರೊಟ್ಟಿ ತಟ್ಟುತ್ತಿದ್ದರು. ನನ್ನ ಬ್ಯಾಗು ಮೊಳೆಯ ಮೇಲೇ ಉಳಿಯಿತು. ಆ ಸಂತೋಷಕ್ಕೆ ನಾನು ಅವತ್ತು ಮೂರು ರೊಟ್ಟಿ ಹೆಚ್ಚು ತಿಂದೆ.

ಈಗ ನಮ್ಮ ಮನೆಯಲ್ಲಿ ಕೊತ್ತಂಬರಿ ಇಡಲು ಜಾಗವಿಲ್ಲ. ಮಾವನವರು ಹೊತ್ತಿಗೊಮ್ಮೆ ಕೊತ್ತಂಬರಿ ತರಲು ಹೋಗುತ್ತಾರೆ, ಹೋಗುವಾಗ ಬಾಗಿಲನ್ನು ತಾವೇ ಎಳೆದು ಹಾಕುತ್ತಾರೆ. ಬಂದ ಮೇಲೆ ಬಾಗಿಲು ಬಡಿದು ಸುಮ್ಮನೆ ನಿಲ್ಲುತ್ತಾರೆ. ಮೊನ್ನೆ ಅತ್ತೆಯವರು ಒಳಗಿಂದ ರೇಗಿದರು.

"ನಿಮ್ಮ ಹೆಸರ ನೀವ ಹೇಳ್ಕೊಂಡು ಒಳಗ ಬರ್ಲಿಕ್ಕ ಏನಾಗ್ಯದ?"

ಹೊರಗಿನಿಂದ ಮಾವನವರ ದನಿ ಬಂತು: "ಹೆಸರ ಮರ್ತೇನಿ. ನೀನ ಹೇಳು."